ಒಂದು ಚಿಟಿಕೆ ಲೋಹ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣೆಯ ದಿನ ನಗರಗೆರೆಯ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕರು ಮಾಡಿದ ಭಾಷಣದ ಪೂರ್ಣಪಾಠ)

 

ಟ್ರಸ್ಟಿನ ಅಧ್ಯಕ್ಷರೇ, ಕಾರ್ಯದರ್ಶಿಗಳೇ, ದೂರದೂರಿನಿಂದ ಬಂದಿರುವ ದಾನಿಗಳೇ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ಕಡೆಯಿಂದ ಮಕ್ಕಳನ್ನು ಕರೆದುಕೊಂಡು ಬಂದಿರುವ ತಂದೆ ತಾಯಂದಿರೇ, ವಿದ್ಯಾರ್ಥಿಗಳೇ,

ಕಾರ್ಯದರ್ಶಿಗಳು ಫೋನು ಮಾಡಿ, "ಮೇಷ್ಟ್ರೇ, ವಿದ್ಯೆಯ ಮಹತ್ವದ ಬಗ್ಗೆ ನಾಲ್ಕು ಮಾತು ಆಡಬೇಕು" ಎಂದರು. ವಿದ್ಯೆಯ ಮಹತ್ವ ಗೊತ್ತಿಲ್ಲದವರು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಾಯಿಸಿ ಇಲ್ಲಿಗೆ ಬರುತ್ತಿರಲಿಲ್ಲ. ಆದ್ದರಿಂದ ಆ ವಿಷಯವನ್ನು ಬಿಡುತ್ತೇವೆ. ನಮಗೆ ಬರುವುದು ಪಾಠ ಮಾಡುವುದು. ಇವತ್ತು ಒಂದು ಪಾಠ ಮಾಡುತ್ತೇವೆ, ರಸಾಯನಶಾಸ್ತ್ರದ ಪಾಠ. ಕೊನೆಗೆ ಸಭೆಯ ಮುಂದೆ ಒಂದು ಬೇಡಿಕೆ ಇಡುತ್ತೇವೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತರಗತಿಯಲ್ಲಿ "ನಾವು ಈಗ ನೋಡೋಣ" ಎಂದು ಹೇಳಿ ಹೇಳಿ "ನಾವು" ಎಂಬುದು ಬಾಯಿಗೆ ಅಂಟಿಕೊಂಡಿದೆ. ದೊಡ್ಡಸ್ತಿಕೆ ಎಂದು ದಯವಿಟ್ಟು ಭಾವಿಸಬೇಡಿ.

ಪಾಠವನ್ನು ವೆಲ್ಡಿಂಗ್ ಅಂಗಡಿಯಿಂದ ಶುರು ಮಾಡೋಣ. ನಿಮ್ಮಲ್ಲಿ ಅನೇಕರ ಮನೆಯ ಅನ್ನ ಅಲ್ಲಿಂದಲೇ ಬರುತ್ತದೆ. ಅಂಗಡಿಯಲ್ಲಿ ಎರಡು ಸಿಲಿಂಡರ್ ನಿಂತಿರುತ್ತವೆ. ಕಪ್ಪು ಬಣ್ಣದ್ದು ಆಕ್ಸಿಜನ್. ಮೆರೂನ್ ಬಣ್ಣದ್ದು ಅಸಿಟಿಲೀನ್. ಎರಡೂ ಸೇರಿ ಉರಿದರೆ 3000 ಡಿಗ್ರಿ ಸೆಲ್ಸಿಯಸ್ ದಾಟುವ ಜ್ವಾಲೆ ಬರುತ್ತದೆ, ಕಬ್ಬಿಣ ಕರಗುತ್ತದೆ. ಮೊದಲು ಈ ಅಸಿಟಿಲೀನನ್ನು ಅಂಗಡಿಯಲ್ಲೇ ತಯಾರಿಸುತ್ತಿದ್ದರು. ಡಬ್ಬದಲ್ಲಿ ಕಲ್ಲಿನಂಥ ಬೂದು ಕಾರ್ಬೈಡ್ ಬರುತ್ತಿತ್ತು. ಅದಕ್ಕೆ ನೀರು ಬಿದ್ದರೆ ಬುಸ್ಸೆಂದು ಅನಿಲ ಬರುತ್ತದೆ. ಒಂದು ಕೆ.ಜಿ. ಕಾರ್ಬೈಡಿಗೆ ಸುಮಾರು 300 ಲೀಟರ್ ಅನಿಲ. ನೀರಿನಿಂದ ಅಸಿಟಿಲೀನ್ ಕೊಡುವ ಈ ಕಾರ್ಬೈಡನ್ನು 1862ರಲ್ಲಿ ಜರ್ಮನಿಯ ವೋಲರ್ ತಯಾರಿಸಿ ತೋರಿಸಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇದೇ ಕಾರ್ಬೈಡನ್ನು ಮಾವಿನಕಾಯಿ ಬುಟ್ಟಿಯಲ್ಲಿ ಪೊಟ್ಟಣ ಕಟ್ಟಿ ಇಡುವ ಅಭ್ಯಾಸ ನಮ್ಮ ಕಡೆ ಇತ್ತು. ಅದು ಕಾನೂನಿಗೆ ವಿರುದ್ಧ. ಅದರಲ್ಲಿ ಆರ್ಸೆನಿಕ್, ರಂಜಕದ ಕಲ್ಮಶ ಇರುತ್ತದೆ. ಆಟಕ್ಕೆಂದು ಕಾರ್ಬೈಡನ್ನು ಪೈಪಿನಲ್ಲೋ ಬಾಟಲಿಯಲ್ಲೋ ಹಾಕಿ ನೀರು ಬಿಟ್ಟು ಸಿಡಿಸುವುದೂ ಉಂಟು. ಹಾಗೆ ಮಾಡಿ ಕಣ್ಣು ಕಳೆದುಕೊಂಡ ಮಕ್ಕಳಿದ್ದಾರೆ. ಮನೆಯಲ್ಲಿ ಕಾರ್ಬೈಡ್ ಇದ್ದರೆ ಇವತ್ತೇ ಹೋಗಿ ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಈಗ ಅಸಿಟಿಲೀನಿನ ಒಳಗೆ ಹೋಗೋಣ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗೊತ್ತು: ಕಾರ್ಬನ್ನಿಗೆ ನಾಲ್ಕು ಕೈ. ಅಸಿಟಿಲೀನಿನಲ್ಲಿ ಎರಡು ಕಾರ್ಬನ್ ಪರಸ್ಪರ ಮೂರು ಮೂರು ಕೈ ಹಿಡಿದುಕೊಂಡಿವೆ. ಇದು ತ್ರಿಬಂಧ. ಉಳಿದ ಒಂದೊಂದು ಕೈಯಲ್ಲಿ ಒಂದೊಂದು ಹೈಡ್ರೋಜನ್. ಹೀಗೆ ತ್ರಿಬಂಧ ಇರುವ ಸಂಯುಕ್ತಗಳಿಗೆ ಆಲ್ಕೈನ್ ಎಂದು ಹೆಸರು. ಅಸಿಟಿಲೀನ್ ಆ ಮನೆತನದ ಕಿರಿಯ ಕೂಸು. ಪುಸ್ತಕದಲ್ಲಿ ಅದನ್ನೇ ಈಥೈನ್ ಎನ್ನುತ್ತಾರೆ.

ಇನ್ನೊಂದು ಕಡೆ ಬೆಂಜೀನ್ ಇದೆ. ಆರು ಕಾರ್ಬನ್, ಆರು ಹೈಡ್ರೋಜನ್, ಉಂಗುರದಂತೆ ಕೂತ ಅಣು. 1825ರಲ್ಲಿ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಇದನ್ನು ಕಂಡುಹಿಡಿದರು. ದೀಪಕ್ಕಾಗಿ ಎಣ್ಣೆಯಿಂದ ಮಾಡಿದ ಅನಿಲವನ್ನು ಒತ್ತಿ ತುಂಬಿದಾಗ ಪಾತ್ರೆಯ ತಳದಲ್ಲಿ ಉಳಿಯುತ್ತಿದ್ದ ದ್ರವದಲ್ಲಿ ಅದು ಸಿಕ್ಕಿತು. ಫ್ಯಾರಡೆ ಕಮ್ಮಾರನ ಮಗ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಹಾಕುವವರ ಹತ್ತಿರ ಕೆಲಸಕ್ಕೆ ಸೇರಿದವರು. ರಟ್ಟು ಹಾಕಲು ಬಂದ ಪುಸ್ತಕಗಳನ್ನೇ ಓದಿ ಕಲಿತವರು.

ಬೆಂಜೀನನ್ನು ಯಾರೂ ಮುಟ್ಟಲೂ ಮೂಸಲೂ ಹೋಗಬೇಡಿ. ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಆದರೆ ಆ ಉಂಗುರದ ಒಂದೋ ಎರಡೋ ಹೈಡ್ರೋಜನ್ ತೆಗೆದು ಬೇರೆ ಗುಂಪು ಕೂರಿಸಿದರೆ ಅದರ ಗುಣವೇ ಬದಲಾಗುತ್ತದೆ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ನೋಡಿ, ಉಂಗುರದ ಎದುರುಬದುರು ಎರಡು ಗುಂಪು. ಆಸ್ಪಿರಿನ್ ಮಾತ್ರೆಯಲ್ಲಿ ಎರಡು ಗುಂಪು ಅಕ್ಕಪಕ್ಕ. ಅರಿಸಿನದ ಹಳದಿಯಲ್ಲೂ ಇಂಥ ಉಂಗುರಗಳಿವೆ. ಶಿಡ್ಲಘಟ್ಟದವರು ಕೇಳಿ, ನಿಮ್ಮ ರೇಷ್ಮೆಯಲ್ಲೂ ಇದೆ. ರೇಷ್ಮೆ ಎಳೆ ಅಮೈನೋ ಆಮ್ಲಗಳ ಸರಪಣಿ. ಅದರ 100 ಕೊಂಡಿಗಳಲ್ಲಿ ಸುಮಾರು 5 ಟೈರೊಸಿನ್. ಟೈರೊಸಿನ್ನಿನ ಮೈಯಲ್ಲಿ ಒಂದು ಬೆಂಜೀನ್ ಉಂಗುರ ಇದೆ. ಬಿಸಿಲಿಗೆ ಇಟ್ಟ ರೇಷ್ಮೆ ಸೀರೆ ಹಳದಿ ತಿರುಗುವುದಕ್ಕೆ ಇದೂ ಒಂದು ಕಾರಣ.

ಯಾವ ಗುಂಪು ಎಂಬುದು ಎಷ್ಟು ಮುಖ್ಯವೋ, ಯಾವ ಜಾಗದಲ್ಲಿ ಎಂಬುದೂ ಅಷ್ಟೇ ಮುಖ್ಯ. ಗುಂಪು ಒಂದು ಮನೆ ಆಚೆ ಕೂತರೆ ಔಷಧಿ ಔಷಧಿಯಾಗಿ ಉಳಿಯದೇ ಹೋಗಬಹುದು. ಸಾಮಾನ್ಯ ಪದ್ಧತಿಯೆಂದರೆ ಸಿದ್ಧ ಉಂಗುರ ತೆಗೆದುಕೊಂಡು ಒಂದೊಂದೇ ಗುಂಪು ಕೂರಿಸುತ್ತಾ ಹೋಗುವುದು. ಮೊದಲು ಕೂತ ಗುಂಪು, ಮುಂದೆ ಬರುವ ಗುಂಪಿಗೆ ಎಲ್ಲಿ ಜಾಗ ಎಂದು ತಾನೇ ತೀರ್ಮಾನ ಮಾಡುತ್ತದೆ. ನಮಗೆ ಬೇಕಾದ ಜಾಗ ಸಿಗದೆ ಹೋಗಬಹುದು. ಹಾಗಾದರೆ ಬೇಕಾದ ಗುಂಪುಗಳನ್ನು ಮೊದಲೇ ಹೊತ್ತುಕೊಂಡ ತುಂಡುಗಳನ್ನು ತಂದು ಉಂಗುರವನ್ನೇ ಹೊಸದಾಗಿ ಕಟ್ಟಿದರೆ ಆಗದೇ? ಆಗುತ್ತದೆ.

ಲೆಕ್ಕ ನೋಡಿ. ಅಸಿಟಿಲೀನಿನಲ್ಲಿ ಎರಡು ಕಾರ್ಬನ್, ಎರಡು ಹೈಡ್ರೋಜನ್. ಮೂರು ಅಸಿಟಿಲೀನ್ ಸೇರಿದರೆ ಆರು ಕಾರ್ಬನ್, ಆರು ಹೈಡ್ರೋಜನ್. ಅದೇ ಬೆಂಜೀನ್! ಒಂದು ಪರಮಾಣುವೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ, ಕಸ ಉಳಿಯುವುದಿಲ್ಲ. ಶಕ್ತಿಯ ಲೆಕ್ಕದಲ್ಲೂ ಇದು ಇಳಿಜಾರಿನ ದಾರಿಯೇ. ಮೂರು ಮೋಲ್ ಅಸಿಟಿಲೀನ್ ಒಂದು ಮೋಲ್ ಬೆಂಜೀನ್ ಆದಾಗ ಸುಮಾರು 600 ಕಿಲೋಜೂಲ್ ಶಕ್ತಿ ಹೊರಗೆ ಬರುತ್ತದೆ.

ಹಾಗಿದ್ದರೆ ವೆಲ್ಡಿಂಗ್ ಅಂಗಡಿಯ ಸಿಲಿಂಡರ್ ರಾತ್ರಿ ಬೆಳಗಾಗುವುದರೊಳಗೆ ಬೆಂಜೀನ್ ಆಗಿರಬೇಕಲ್ಲ? ಯಾಕೆ ಆಗುವುದಿಲ್ಲ?

ಈ ಪ್ರಶ್ನೆಯನ್ನು ನಮಗೆ ಕೇಳಿದವಳು ಒಬ್ಬ ಹುಡುಗಿ. ಅವಳ ವಿಷಯ ಆಮೇಲೆ ಹೇಳುತ್ತೇವೆ. ಉತ್ತರ ಇಷ್ಟು: ಮೂರು ಅಣುಗಳು ಒಂದೇ ಕ್ಷಣದಲ್ಲಿ, ಒಂದೇ ಜಾಗದಲ್ಲಿ, ಸರಿಯಾದ ದಿಕ್ಕಿಗೆ ಮುಖ ಮಾಡಿ ಸಿಗಬೇಕು. ಅದು ಬಹಳ ಅಪರೂಪ. ಜೊತೆಗೆ ಹಳೆಯ ಬಂಧ ಸಡಿಲವಾಗಬೇಕು, ಅದಕ್ಕೆ ಶಕ್ತಿ ಬೇಕು. ಇಳಿಜಾರು ಇದೆ, ನಿಜ. ಆದರೆ ಇಳಿಜಾರಿಗೆ ಮುಂಚೆ ಒಂದು ದೊಡ್ಡ ಗುಡ್ಡ ಅಡ್ಡ ಇದೆ. 1866ರಲ್ಲಿ ಫ್ರಾನ್ಸಿನ ಬರ್ತ್‌ಲೋ ಗಾಜಿನ ಕೊಳವೆಯಲ್ಲಿ ಅಸಿಟಿಲೀನನ್ನು ಗಾಜು ಮೆತ್ತಗಾಗುವಷ್ಟು ಕಾಯಿಸಿ ಈ ಗುಡ್ಡ ಹತ್ತಿಸಿದರು. ಬೆಂಜೀನ್ ಬಂತು, ಜೊತೆಗೆ ಬೇರೆ ಏನೇನೋ ಬಂತು. ಪಿಯುಸಿ ಪುಸ್ತಕದಲ್ಲಿ ಇವತ್ತಿಗೂ ಒಂದು ಸಾಲು ಇದೆ: ಕೆಂಪಗೆ ಕಾದ ಕಬ್ಬಿಣದ ಕೊಳವೆಯಲ್ಲಿ 873 ಕೆಲ್ವಿನ್ ಶಾಖದಲ್ಲಿ ಈಥೈನ್ ಹಾಯಿಸಿದರೆ ಬೆಂಜೀನ್. ಅಂದರೆ 600 ಡಿಗ್ರಿ. ಅಷ್ಟು ಶಾಖಕ್ಕೆ ಔಷಧಿಯ ನಾಜೂಕು ಗುಂಪುಗಳು ಸುಟ್ಟು ಕರಕಲಾಗುತ್ತವೆ.

ಗುಡ್ಡವನ್ನು ತಗ್ಗಿಸುವ ದಾರಿ ಸಿಕ್ಕಿದ್ದು ಲೋಹದಿಂದ. ಜರ್ಮನಿಯ ಬಿಎಎಸ್‌ಎಫ್ ಕಾರ್ಖಾನೆಯಲ್ಲಿ ವಾಲ್ಟರ್ ರೆಪ್ಪೆ ಎಂಬವರು ಅಸಿಟಿಲೀನನ್ನೇ ಜೀವಮಾನದ ಕೆಲಸ ಮಾಡಿಕೊಂಡಿದ್ದರು. ಒತ್ತಡದಲ್ಲಿ ಸಿಡಿಯುವ ಅನಿಲ ಅದು. ಅದನ್ನು ಸುರಕ್ಷಿತವಾಗಿ ಪಳಗಿಸುವ ಉಪಾಯಗಳನ್ನೂ ಅವರೇ ಕಂಡುಕೊಂಡರು. 1948ರಲ್ಲಿ ಅವರು ಮತ್ತು ಅವರ ಸಹೋದ್ಯೋಗಿ ಒಂದು ವರದಿ ಪ್ರಕಟಿಸಿದರು. ನಿಕೆಲ್‌ನ ಒಂದು ಸಂಯುಕ್ತವನ್ನು ಸ್ವಲ್ಪ ಹಾಕಿದರೆ ಸಾಧಾರಣ ಶಾಖದಲ್ಲೇ ಮೂರು ಆಲ್ಕೈನ್ ಸೇರಿ ಬೆಂಜೀನ್ ಉಂಗುರ ಆಗುತ್ತದೆ ಎಂದು. ಹೀಗೆ ಕ್ರಿಯೆಗೆ ದಾರಿ ಮಾಡಿಕೊಟ್ಟು ತಾನು ಮುಗಿದು ಹೋಗದ ವಸ್ತುವಿಗೆ ಕ್ರಿಯಾವರ್ಧಕ ಎಂದು ಹೆಸರು. ನಿಕೆಲ್ ನಂತರ ಕೋಬಾಲ್ಟ್, ರೋಡಿಯಂ, ರುಥೇನಿಯಂ, ಇರಿಡಿಯಂ, ಪಲ್ಲೇಡಿಯಂ ಎಲ್ಲವೂ ಈ ಕೆಲಸಕ್ಕೆ ಬಂದವು.

ಲೋಹ ಏನು ಮಾಡುತ್ತದೆ? ಮೊದಲು ಒಂದು ಆಲ್ಕೈನನ್ನು ಕೈಹಿಡಿದು ಕೂರಿಸಿಕೊಳ್ಳುತ್ತದೆ. ಆಮೇಲೆ ಎರಡನೆಯದನ್ನು. ಎರಡೂ ತನ್ನ ಮಗ್ಗುಲಲ್ಲೇ ಇರುವುದರಿಂದ ಅವು ಪರಸ್ಪರ ಕೂಡಿಕೊಳ್ಳುತ್ತವೆ. ನಾಲ್ಕು ಕಾರ್ಬನ್, ಒಂದು ಲೋಹ, ಐದು ಜನರ ಚಿಕ್ಕ ಉಂಗುರ ಆಗುತ್ತದೆ. ಈಗ ಮೂರನೆಯ ಆಲ್ಕೈನ್ ಬರುತ್ತದೆ. ಅದೂ ಸೇರಿಕೊಂಡು ಆರು ಕಾರ್ಬನ್ನಿನ ಉಂಗುರ ಪೂರ್ತಿಯಾಗುತ್ತದೆ. ಆಗ ಲೋಹ ಕೈ ಬಿಡುತ್ತದೆ. ಬೆಂಜೀನ್ ತನ್ನ ದಾರಿ ಹಿಡಿಯುತ್ತದೆ, ಲೋಹ ಮುಂದಿನ ಮೂವರನ್ನು ಕರೆಯುತ್ತದೆ. ಮೂವರು ಒಟ್ಟಿಗೆ ಡಿಕ್ಕಿ ಹೊಡೆಯಲಿ ಎಂದು ಕಾಯಬೇಕಾಗಿಲ್ಲ. ಒಬ್ಬೊಬ್ಬರಾಗಿ ಬಂದರೆ ಸಾಕು. ದೊಡ್ಡ ಗುಡ್ಡ ಹೋಗಿ ನಾಲ್ಕು ಸಣ್ಣ ಮೆಟ್ಟಿಲಾಯಿತು.

ಮಕ್ಕಳೇ, ಈಗ ಒಂದು ಲೆಕ್ಕ. ಆಲ್ಕೈನಿನ ಒಂದು ತುದಿಯಲ್ಲಿ ಮಾತ್ರ ಒಂದು ಗುಂಪು ಇದೆ ಎಂದುಕೊಳ್ಳಿ. ಮದುವೆ ಮನೆಯಲ್ಲಿ ದೊಡ್ಡ ಥಾಲಿಯ ಸುತ್ತ ಆರು ಮಂದಿ ಕೂತಿದ್ದಾರೆ. ಮೂರು ಜೋಡಿ ಅಣ್ಣತಮ್ಮಂದಿರು, ಜೋಡಿಯವರು ಅಕ್ಕಪಕ್ಕವೇ ಕೂರುತ್ತಾರೆ. ಪ್ರತಿ ಜೋಡಿಯಲ್ಲಿ ಒಬ್ಬನ ತಲೆಯ ಮೇಲೆ ಮಾತ್ರ ಟೋಪಿ. ಟೋಪಿ ಇರುವ ಮೂವರು ಹೇಗೆ ಹೇಗೆ ಕೂತಿರಬಹುದು? ಒಬ್ಬರ ನಂತರ ಒಬ್ಬರನ್ನು ಬಿಟ್ಟು ಕೂತಿರಬಹುದು, ಅಂದರೆ 1, 3, 5. ಇಲ್ಲವೇ ಇಬ್ಬರು ಅಕ್ಕಪಕ್ಕ, ಮೂರನೆಯವನು ಸ್ವಲ್ಪ ಆಚೆ, ಅಂದರೆ 1, 2, 4. ಮೂವರೂ ಸಾಲಾಗಿ 1, 2, 3 ಎಂದು ಕೂರಲು ಸಾಧ್ಯವೇ ಇಲ್ಲ. ಹಾಗೆ ಕೂರಬೇಕಾದರೆ ಒಂದೇ ಜೋಡಿಯ ಇಬ್ಬರಿಗೂ ಟೋಪಿ ಇರಬೇಕಾಗುತ್ತದೆ. ಪ್ರತಿ ಜೋಡಿಗೆ ಎರಡು ಬಗೆ ಎಂದರೆ ಒಟ್ಟು 8 ಬಗೆ. ಅದರಲ್ಲಿ 2 ಬಗೆ 1, 3, 5 ಆಗುತ್ತದೆ, 6 ಬಗೆ 1, 2, 4 ಆಗುತ್ತದೆ. ಮನೆಗೆ ಹೋಗಿ ಕಡ್ಲೆಕಾಯಿ ಇಟ್ಟು ನೋಡಿ. ಎರಡರಲ್ಲಿ ಯಾವುದು ಹೆಚ್ಚು ಬರಬೇಕು ಎಂಬುದನ್ನು ಲೋಹ ಮತ್ತು ಅದರ ಸುತ್ತ ಕಟ್ಟಿದ ಗುಂಪುಗಳನ್ನು ಬದಲಿಸಿ ರಸಾಯನಶಾಸ್ತ್ರಜ್ಞರು ಹತೋಟಿಗೆ ತರುತ್ತಾರೆ.

ಬೇರೆ ಬೇರೆ ಆಲ್ಕೈನ್ ಬೆರೆಸಿದರೆ ಕಷ್ಟ ಇನ್ನೂ ಜಾಸ್ತಿ. ಯಾರು ಯಾರ ಜೊತೆ ಸೇರುತ್ತಾರೋ ಗೊತ್ತಿಲ್ಲ, ಹತ್ತಾರು ಬಗೆಯ ಮಿಶ್ರಣ ಬರುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ ಪೀಟರ್ ವೋಲ್‌ಹಾರ್ಟ್ ಇದಕ್ಕೆ ಒಂದು ಉಪಾಯ ಮಾಡಿದರು. ಎರಡು ಆಲ್ಕೈನನ್ನು ಮೊದಲೇ ಒಂದೇ ದಾರದಲ್ಲಿ ಕಟ್ಟಿದರು. ಮೂರನೆಯದಾಗಿ ಬಹಳ ದಪ್ಪ ಗುಂಪುಗಳಿರುವ ಒಂದು ಆಲ್ಕೈನ್ ಆರಿಸಿದರು. ಅದು ದಪ್ಪಗಿರುವುದರಿಂದ ತನ್ನಂಥವರ ಜೊತೆಯೇ ಸೇರಿ ಉಂಗುರ ಆಗಲಾರದು, ಕಟ್ಟಿದ ಜೋಡಿಯ ಜೊತೆಗೇ ಸೇರಬೇಕು. ಕ್ರಿಯಾವರ್ಧಕ ಕೋಬಾಲ್ಟ್‌ನ ಸಂಯುಕ್ತ. ಈ ದಾರಿಯಲ್ಲಿ 1980ರ ಹೊತ್ತಿಗೆ ಅವರು ಈಸ್ಟ್ರೋನ್ ಎಂಬ ಹಾರ್ಮೋನನ್ನೇ ಕಟ್ಟಿ ತೋರಿಸಿದರು. ಅದು ಹೆಣ್ಣುಮಕ್ಕಳ ದೇಹದಲ್ಲಿ ಉಂಟಾಗುವ ಹಾರ್ಮೋನು. ಅದರಲ್ಲಿ ನಾಲ್ಕು ಉಂಗುರ, ಒಂದು ಬೆಂಜೀನಿನದು.

ನಮ್ಮ ದೇಶದಲ್ಲೂ ಈ ಕೆಲಸ ಆಗಿದೆ. ಐಐಟಿ ಮುಂಬೈಯಲ್ಲಿ ಪ್ರೊಫೆಸರ್ ಸಾಂಬಶಿವರಾವ್ ಕೊತ್ತ ಅವರ ತಂಡ 1990ರ ದಶಕದಿಂದ ಈ ಮೂರು ಆಲ್ಕೈನಿನ ಕ್ರಿಯೆಯನ್ನು ಅಮೈನೋ ಆಮ್ಲ ಮಾಡಲು ಬಳಸಿತು. ರೇಷ್ಮೆಯ ಟೈರೊಸಿನ್ನಿಗೆ ಹತ್ತಿರದ ನೆಂಟ ಫಿನೈಲ್‌ಅಲನಿನ್. ಪ್ರಕೃತಿಯಲ್ಲಿ ಇಲ್ಲದ, ಸ್ವಲ್ಪ ಬೇರೆ ಆಕಾರದ ಫಿನೈಲ್‌ಅಲನಿನ್‌ಗಳನ್ನು ಅವರು ಹೀಗೆ ಕಟ್ಟಿದರು. ದೇಹದಲ್ಲಿ ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ, ಔಷಧಿ ಹೇಗೆ ಹಿಡಿಯುತ್ತದೆ ಎಂದು ತಿಳಿಯಲು ಇಂಥವು ಬೇಕಾಗುತ್ತವೆ.

ಒಂದು ಮಾತು ಸ್ಪಷ್ಟವಾಗಿರಲಿ. ಮಾರುಕಟ್ಟೆಯ ಪ್ಯಾರಾಸಿಟಮಾಲನ್ನು ಯಾರೂ ಹೀಗೆ ಮಾಡುವುದಿಲ್ಲ. ಸಾಮಾನ್ಯ ಬೆಂಜೀನ್ ಪೆಟ್ರೋಲಿಯಂನಿಂದ ಅಗ್ಗವಾಗಿ ಸಿಗುತ್ತದೆ. ರೋಡಿಯಂ ಚಿನ್ನಕ್ಕಿಂತ ದುಬಾರಿ. ಹಳೆಯ ದಾರಿಯಲ್ಲಿ ಕೂರಿಸಲಾಗದ ಜಾಗದಲ್ಲಿ ಗುಂಪುಗಳನ್ನು ಕೂರಿಸಬೇಕಾದಾಗ ಮಾತ್ರ ಈ ದಾರಿಗೆ ಬೆಲೆ.

ಪಾಠ ಮುಗಿಯಿತು. ಈಗ ಇದನ್ನೆಲ್ಲ ನಾವು ಯಾಕೆ ಹೇಳಿದೆವು ಎಂಬುದು.

ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಹೆಸರು ಹೇಳುವುದಿಲ್ಲ. ಕಾರ್ಬನ್ ಪಾಠ ಮಾಡುವಾಗ ಕಣ್ಣು ಮಿಟುಕಿಸದೆ ಕೇಳುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದಲ್ಲಿ ಶಾಲೆಗೇ ಮೊದಲಿಗ. ಪಿಯುಸಿಗೆ ಗೌರಿಬಿದನೂರಿಗೆ ಹೋಗಬೇಕಿತ್ತು. ಆ ಬೇಸಗೆಯಲ್ಲಿ ಅವನ ತಂದೆ ಹಾಸಿಗೆ ಹಿಡಿದರು. ಜೂನ್ ತಿಂಗಳಲ್ಲಿ ಅವನನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕಂಡೆವು. "ಏನಪ್ಪಾ?" ಎಂದೆವು. "ಸ್ವಲ್ಪ ದಿನ ಸಾರ್" ಎಂದ. ನಾವು "ಸರಿ, ಕೆಲಸ ಕಲಿಯೋದು ಒಳ್ಳೇದೇ" ಎಂದು ಹೇಳಿ ಬಸ್ಸು ಹತ್ತಿದೆವು. ಮನೆಗೆ ಹೋಗಿ ಕೇಳಲಿಲ್ಲ. ಹತ್ತು ತಿಂಗಳಾದ ಮೇಲೆ ಅವನ ತಾಯಿ ಸಿಕ್ಕಿ ಹೇಳಿದರು: "ಮಾಸ್ಟರ್ ಸಾಬ್, ಕಾಲೇಜು ಫೀಸು, ಬಸ್ ಪಾಸು, ಎರಡು ಜೊತೆ ಬಟ್ಟೆ. ಅಷ್ಟೇ ಹೊಂದಲಿಲ್ಲ. ನೀವು ಒಂದು ಸಲ ಬರುತ್ತೀರಿ ಅಂತ ಅವನು ಕಾಯುತ್ತಿದ್ದ."

ಆ ಹುಡುಗ ಕೆಟ್ಟಿಲ್ಲ. ಇವತ್ತು ಸ್ವಂತ ಅಂಗಡಿ ಇದೆ, ನಾಲ್ಕು ಜನಕ್ಕೆ ಕೆಲಸ ಕೊಟ್ಟಿದ್ದಾನೆ. ಸಿಕ್ಕಾಗ ನಗುತ್ತಾ, "ಸಾರ್, ಕಾರ್ಬೈಡ್ ಸಮೀಕರಣ ಇನ್ನೂ ನೆನಪಿದೆ" ಎನ್ನುತ್ತಾನೆ. ನಮಗೆ ನಗು ಬರುವುದಿಲ್ಲ. ಅವನಿಗೆ ಬುದ್ಧಿ ಇತ್ತು, ಆಸೆ ಇತ್ತು, ದಾರಿ ಇಳಿಜಾರೇ ಇತ್ತು. ಅಡ್ಡ ಇದ್ದ ಗುಡ್ಡ ನಮ್ಮ ಕಣ್ಣಿಗೆ ಬೀಳಲಿಲ್ಲ, ಯಾಕೆಂದರೆ ನಮಗೆ ಅದು ಗುಡ್ಡವೇ ಆಗಿರಲಿಲ್ಲ.

ಎರಡನೆಯದು ಹುಡುಗಿಯ ಕಥೆ. ಪ್ರಶ್ನೆ ಕೇಳಿದವಳು ಎಂದೆವಲ್ಲ, ಅವಳೇ. ಶಿಡ್ಲಘಟ್ಟದ ಕಡೆಯ ನೂಲು ಬಿಚ್ಚುವ ಮನೆ. ತಾಯಿ ಗೂಡು ಬೇಯಿಸಿ ಎಳೆ ತೆಗೆಯುವ ಕೆಲಸದವರು. ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದಲ್ಲಿ ಪಿಯುಸಿ ಸೇರಿದಳು. ಮೊದಲ ವರ್ಷದ ಕೊನೆಗೆ ಅಂಕ ಬಿತ್ತು. ನಮ್ಮ ನಿಯಮದ ಪ್ರಕಾರ ನೂರಕ್ಕೆ 60 ಬೇಕು, ಅವಳಿಗೆ ಬಂದದ್ದು 52. ಆಯ್ಕೆ ಸಮಿತಿಯಲ್ಲಿ ನಾವೂ ಕೂತಿದ್ದೆವು. "ನಿಯಮ ಅಂದರೆ ನಿಯಮ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ" ಎಂದು ಹೇಳಿದವರು ಬೇರೆ ಯಾರೂ ಅಲ್ಲ, ನಾವೇ. ಹುಡುಗನ ವಿಷಯದಲ್ಲಿ ಕಲಿತದ್ದು ಅಷ್ಟು ಬೇಗ ಮರೆತಿದ್ದೆವು.

ಸಮಿತಿಯ ಒಬ್ಬ ಸೋದರಿ ಮಾತ್ರ ಒಪ್ಪಲಿಲ್ಲ. ತಾವೇ ಬಸ್ಸಿನಲ್ಲಿ ಹೋಗಿ ನೋಡಿ ಬಂದರು. ತಾಯಿಯ ಕೈ ಬಿಸಿನೀರಿಗೆ ಬೆಂದು ಹುಣ್ಣಾಗಿತ್ತು. ಎರಡು ತಿಂಗಳು ಅವರ ಜಾಗದಲ್ಲಿ ಹುಡುಗಿ ಕೂತು ಗೂಡು ಬಿಚ್ಚಿದ್ದಳು. ಬೆಳಗ್ಗೆ ಆ ಕೆಲಸ, ಮಧ್ಯಾಹ್ನ ಕಾಲೇಜು. ಆ ಎರಡು ತಿಂಗಳಲ್ಲಿ 52 ತೆಗೆದದ್ದೇ ದೊಡ್ಡದು. ಸೋದರಿ ಸಭೆಯಲ್ಲಿ ಇದನ್ನು ಹೇಳಿ ಸುಮ್ಮನೆ ಕೂತರು. ವೇತನ ಮುಂದುವರಿಯಿತು.

ಆ ಹುಡುಗಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದಳು. ಕಳೆದ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಳು. "ಸಾರ್, ಪಿಯುಸಿಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ, ಸಿಲಿಂಡರ್ ಯಾಕೆ ಬೆಂಜೀನ್ ಆಗಲ್ಲ ಅಂತ. ನೀವು ಆಮೇಲೆ ಹೇಳ್ತೀನಿ ಅಂದಿದ್ರಿ" ಎಂದಳು. ನಿಜ ಹೇಳಬೇಕೆಂದರೆ ಆಗ ನಮಗೆ ಪೂರ್ತಿ ಉತ್ತರ ಗೊತ್ತಿರಲಿಲ್ಲ. ನಮ್ಮ ಬಿ.ಇಡಿ. ಕಾಲದ ಪುಸ್ತಕದಲ್ಲಿ ಕೆಂಪಗೆ ಕಾದ ಕಬ್ಬಿಣದ ಕೊಳವೆಯವರೆಗೆ ಮಾತ್ರ ಇತ್ತು. ಅವಳೇ ಜಗುಲಿಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಕೋಬಾಲ್ಟಿನ ದಾರಿ ತೋರಿಸಿದಳು. ಇವತ್ತು ನಿಮಗೆ ಮಾಡಿದ ಪಾಠ ನಮ್ಮದಲ್ಲ, ಅವಳದು. ಥಾಲಿ ಮತ್ತು ಟೋಪಿ ಮಾತ್ರ ನಮ್ಮದು.

ದಾನಿಗಳೇ, ಟ್ರಸ್ಟು ಕ್ರಿಯಾವರ್ಧಕದ ಹಾಗೆ ಎಂದು ಹೇಳಿ ಕೂತುಬಿಡುವುದು ಸುಲಭ. ಹೋಲಿಕೆ ಪೂರ್ತಿ ಹೊಂದುವುದಿಲ್ಲ. ಲೋಹ ಖರ್ಚಾಗುವುದಿಲ್ಲ, ನಿಮ್ಮ ಹಣ ಖರ್ಚಾಗುತ್ತದೆ. ಪ್ರತಿ ವರ್ಷ ಮತ್ತೆ ಕೊಡಬೇಕು. ಆದರೆ ಮೂರು ವಿಷಯದಲ್ಲಿ ಲೋಹದಿಂದ ಕಲಿಯಬಹುದು.

ಮೊದಲನೆಯದು, ಕ್ರಿಯಾವರ್ಧಕ ಆಗದ ಕ್ರಿಯೆಯನ್ನು ಆಗಿಸುವುದಿಲ್ಲ. ಇಳಿಜಾರು ಮೊದಲೇ ಇರುತ್ತದೆ, ಅದು ಗುಡ್ಡವನ್ನು ತಗ್ಗಿಸುತ್ತದೆ ಅಷ್ಟೇ. ಈ ಮಕ್ಕಳ ಶಕ್ತಿ ನಾವು ಕೊಟ್ಟದ್ದಲ್ಲ. ಅದು ಅವರದೇ.

ಎರಡನೆಯದು, ಲೋಹ ಸರಿಯಾದ ಹೊತ್ತಿಗೆ ಕೈ ಬಿಡುತ್ತದೆ. ಉಂಗುರ ಆದ ಮೇಲೂ ಗಟ್ಟಿ ಹಿಡಿದುಕೊಂಡ ಲೋಹ ಮುಂದಿನ ಕೆಲಸಕ್ಕೆ ಬಾರದು. ವೇತನ ಪಡೆದ ಮಗು ಜೀವನವಿಡೀ ನಮಗೆ ಋಣಿಯಾಗಿರಬೇಕು, ಕರೆದಾಗಲೆಲ್ಲ ಬಂದು ಫೋಟೋಗೆ ನಿಲ್ಲಬೇಕು ಎಂದು ನಾವು ಬಯಸಬಾರದು. ಈ ವರ್ಷ ಚೆಕ್ಕನ್ನು ವೇದಿಕೆಯ ಮೇಲೆ ಕೊಡದೆ ನೇರವಾಗಿ ಬ್ಯಾಂಕ್ ಖಾತೆಗೆ ಹಾಕಲು ಟ್ರಸ್ಟು ತೀರ್ಮಾನಿಸಿದ್ದು ಬಹಳ ಒಳ್ಳೆಯದು.

ಮೂರನೆಯದು, ಕ್ರಿಯಾವರ್ಧಕಕ್ಕೂ ವಿಷ ತಟ್ಟುತ್ತದೆ. ಗಂಧಕದ ಸ್ವಲ್ಪ ಕಲ್ಮಶ ಸೇರಿದರೆ ಎಷ್ಟೋ ಲೋಹಗಳು ಕೆಲಸ ನಿಲ್ಲಿಸಿಬಿಡುತ್ತವೆ. ನಮ್ಮ ಕೆಲಸಕ್ಕೆ ತಟ್ಟುವ ವಿಷ ತಡ. ಜೂನಿನಲ್ಲಿ ಬೇಕಾದ ಫೀಸು ನವೆಂಬರಿನಲ್ಲಿ ಬಂದರೆ ಹುಡುಗ ಅಷ್ಟರಲ್ಲಿ ಅಂಗಡಿ ಸೇರಿರುತ್ತಾನೆ.

ಆದ್ದರಿಂದ ನಮ್ಮ ಬೇಡಿಕೆ ಇದು. ನೂರಕ್ಕೆ 60 ಎಂಬ ನಿಯಮ ಇರಲಿ. ಆದರೆ ಅಂಕ ಬಿದ್ದ ಮಗುವಿನ ಮನೆಗೆ ಸಮಿತಿಯ ಒಬ್ಬರು ಹೋಗಿ ನೋಡಿ ಬರುವವರೆಗೆ ಯಾರ ಹೆಸರನ್ನೂ ಪಟ್ಟಿಯಿಂದ ತೆಗೆಯಬಾರದು. ಇದಕ್ಕೆ ದೊಡ್ಡ ಹಣ ಬೇಡ, ಬಸ್ ಚಾರ್ಜು ಸಾಕು. ಬೇಕಾದದ್ದು ಹೋಗುವವರು. ಪ್ರತಿ ತಾಲ್ಲೂಕಿಗೆ ಇಬ್ಬರು ಮುಂದೆ ಬನ್ನಿ. ಗೌರಿಬಿದನೂರು ತಾಲ್ಲೂಕಿಗೆ ಒಂದು ಹೆಸರು ನಮ್ಮದು ಬರೆದುಕೊಳ್ಳಿ. ಮಂಡಿ ನೋವಿದೆ, ಆದರೂ ಹೋಗುತ್ತೇವೆ. ನಮಗೆ ಬಾಕಿ ಇರುವ ಒಂದು ಮನೆ ಇದೆ.

ತಂದೆ ತಾಯಂದಿರಿಗೆ ಎರಡು ಮಾತು. ಅಂಕ ಬಿದ್ದರೆ ಮುಚ್ಚಿಡಬೇಡಿ. ಮನೆಯಲ್ಲಿ ಕಾಯಿಲೆಯೋ ಸಾಲವೋ ಬಂದಿದ್ದರೆ ಅರ್ಜಿಯಲ್ಲಿ ನೇರವಾಗಿ ಬರೆಯಿರಿ, ಕನ್ನಡದಲ್ಲಿ ಬರೆದರೂ ಸರಿ, ಉರ್ದುವಿನಲ್ಲಿ ಬರೆದರೂ ಸರಿ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಈಗಲೇ ಮಾಡಿಸಿಟ್ಟುಕೊಳ್ಳಿ, ಕೊನೆಯ ವಾರಕ್ಕೆ ಬಿಡಬೇಡಿ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ. ಅದು ಆಗದಿದ್ದರೆ ಸರ್ಕಾರದ ವಿದ್ಯಾರ್ಥಿವೇತನವೂ ತಪ್ಪಿಹೋಗುತ್ತದೆ. ನಮ್ಮ ಟ್ರಸ್ಟಿಗೆ ಅರ್ಜಿ ಹಾಕಿದವರು ಸರ್ಕಾರದ ವೇತನಕ್ಕೂ ಅರ್ಜಿ ಹಾಕಿ.

ಹೆಣ್ಣುಮಕ್ಕಳಿಗೆ ಒಂದು ಮಾತು. ಬೆಂಜೀನ್ ಉಂಗುರ ಚಪ್ಪಟೆ ಎಂದು ಮೊದಲು ಕಣ್ಣಿಗೆ ಕಾಣುವಂತೆ ಸಾಬೀತು ಮಾಡಿದವರು ಒಬ್ಬ ಹೆಂಗಸು, ಕ್ಯಾಥ್ಲೀನ್ ಲಾನ್ಸ್‌ಡೇಲ್. ಹತ್ತು ಮಕ್ಕಳಲ್ಲಿ ಕೊನೆಯವರು, ಬಡ ಮನೆ. ಹೆಣ್ಣುಮಕ್ಕಳ ಶಾಲೆಯಲ್ಲಿ ಬೇಕಾದ ಗಣಿತ, ವಿಜ್ಞಾನ ಕಲಿಸುತ್ತಿರಲಿಲ್ಲ ಎಂದು ಹುಡುಗರ ಶಾಲೆಗೆ ಹೋಗಿ ಕಲಿತರು. 1929ರಲ್ಲಿ ಎಕ್ಸ್‌ರೇ ಬಳಸಿ, ಆರು ಕಡೆಯೂ ಮೀಥೈಲ್ ಗುಂಪು ಇರುವ ಬೆಂಜೀನಿನ ಹರಳನ್ನು ಪರೀಕ್ಷಿಸಿ ಉಂಗುರದ ಆಕಾರ ತೋರಿಸಿದರು. 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಮೊದಲ ಬಾರಿಗೆ ಹೆಂಗಸರನ್ನು ಸದಸ್ಯರಾಗಿ ಆರಿಸಿದಾಗ ಆ ಇಬ್ಬರಲ್ಲಿ ಅವರು ಒಬ್ಬರು.

ಅಷ್ಟು ದೂರ ಯಾಕೆ, ನಮ್ಮದೇ ಗೌರಿಬಿದನೂರು ತಾಲ್ಲೂಕಿನ ಹೊಸೂರು. ಅಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಲು ಬೆಂಗಳೂರಿಗೆ ನಡೆದೇ ಹೋದರು ಎಂಬುದು ನಮ್ಮ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಆಮೇಲೆ ಭೌತಶಾಸ್ತ್ರದಲ್ಲಿ ಅಮೆರಿಕದಿಂದ ಡಾಕ್ಟರೇಟ್ ತಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. ನಾವು ಅವರ ಕಥೆಯನ್ನು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಒಂದು ಯೋಚನೆ ಬರುತ್ತದೆ. ಅವರು ನಡೆದರು, ತಲುಪಿದರು. ನಡೆಯಲಾಗದೆ ಅರ್ಧದಲ್ಲೇ ಹಿಂದಿರುಗಿದವರು ಎಷ್ಟು ಮಂದಿಯೋ, ಅವರ ಕಥೆ ಯಾರೂ ಹೇಳುವುದಿಲ್ಲ. ಅಂಥವರಿಗೆ ಬಸ್ಸಿನ ಚಾರ್ಜು ಕೊಡುವುದೇ ಈ ಟ್ರಸ್ಟಿನ ಕೆಲಸ.

ಕೊನೆಯದಾಗಿ ಒಂದು ಸಂಗತಿ. ಈ ವರ್ಷದ ಅರ್ಜಿಗಳನ್ನು ನೋಡುವಾಗ ಒಂದು ಅರ್ಜಿಯಲ್ಲಿ ತಂದೆಯ ಉದ್ಯೋಗ "ವೆಲ್ಡಿಂಗ್" ಎಂದಿತ್ತು. ಹೆಸರು ನೋಡಿದೆವು. ಹೌದು, ಅವನದೇ ಮಗಳು. ಅಂಗಡಿ ಇದ್ದರೂ ಕೊರೊನಾದ ಹೊತ್ತಿಗೆ ಮಾಡಿದ ಸಾಲ ಇನ್ನೂ ತೀರಿಲ್ಲವಂತೆ. ಪಿಯುಸಿಯಲ್ಲಿ ವಿಜ್ಞಾನ ಕೇಳಿದ್ದಾಳೆ. ಅವಳ ಆಯ್ಕೆಯ ಸಭೆಯಿಂದ ನಾವು ಎದ್ದು ಹೊರಗೆ ಹೋದೆವು, ನಮ್ಮ ಮಾತು ಅಲ್ಲಿ ಬೀಳಬಾರದೆಂದು. ಉಳಿದವರು ಅಂಕ ನೋಡಿ, ಮನೆ ನೋಡಿ ತೀರ್ಮಾನ ಮಾಡಿದರು. ಅವಳ ಹೆಸರು ಈ ವರದಿಯ ಪಟ್ಟಿಯಲ್ಲಿದೆ. ಯಾರೆಂದು ಕೇಳಬೇಡಿ.

ಕಾಲೇಜು ಶುರುವಾಗುವ ಮುಂಚೆ ಅವಳ ಮನೆಗೆ ಹೋಗುವವರಿದ್ದೇವೆ. ಇಷ್ಟು ವರ್ಷ ತಡವಾಯಿತು, ಆದರೂ ಹೋಗುತ್ತೇವೆ.

 ಊಟಕ್ಕೆ ಕೂತಾಗ ಥಾಲಿಯ ಸುತ್ತ ಆರು ಮಂದಿಯನ್ನು ಎಣಿಸುವುದು ಮರೆಯಬೇಡಿ.